ಕೋನ ಎಂದು ಬರೆದು ಟ್ಯಾಬ್ ಒತ್ತಿದರೆ

ಶಿಡ್ಲಘಟ್ಟದಲ್ಲಿ ಕರೀಂ ಸಾಬರ ರೇಷ್ಮೆ ನೂಲು ತೆಗೆಯುವ ಶೆಡ್ಡಿನ ಮೇಲೆ ಒಂದು ಕೋಣೆಯಿದೆ. ಕೆಳಗೆ ಗೂಡು ಬೇಯುವ ವಾಸನೆ. ಮೇಲೆ ಎರಡು ಕಂಪ್ಯೂಟರು, ಒಂದು ಟೇಬಲ್ ಫ್ಯಾನು ಮತ್ತು ಕರೀಂ ಸಾಬರ ಮಗಳು ಶೈಸ್ತಾ. ಊರೂರಿನ ಅಂಗಡಿ, ಕ್ಲಿನಿಕ್ಕು, ಛತ್ರಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಅವಳ ಕೆಲಸ. ಮೊದಲ ಸಲ ಬರುವವರು ಮೆಟ್ಟಿಲ ಮೇಲೇ ಮೂಗು ಮುಚ್ಚಿಕೊಳ್ಳುತ್ತಾರೆ. ಶೈಸ್ತಾಳ ಜೊತೆ ಮಾತಿಗೆ ಕೂತ ಮೇಲೆ ಮೂಗಿನ ನೆನಪೇ ಇರುವುದಿಲ್ಲ, ಅವಳು ಅಷ್ಟು ಮಾತಾಡಿಸುತ್ತಾಳೆ.

ಮಾತು ಎಷ್ಟು ಬೇಕಾದರೂ ಆಡಬಲ್ಲ ಶೈಸ್ತಾಳಿಗೆ ಬರೆದದ್ದನ್ನೇ ಮತ್ತೆ ಬರೆಯುವುದೆಂದರೆ ಮಾತ್ರ ಚಿಕ್ಕಂದಿನಿಂದಲೂ ಆಗದು. ಶಾಲೆಯಲ್ಲಿ 'ನಾನು ತರಗತಿಯಲ್ಲಿ ಮಾತನಾಡುವುದಿಲ್ಲ' ಎಂದು ಪುಟಗಟ್ಟಲೆ ಬರೆಯುವ ಶಿಕ್ಷೆ ಸಿಕ್ಕಿದಾಗ ಎರಡು ಪೆನ್ನುಗಳನ್ನು ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿ ಒಂದೇ ಸಲಕ್ಕೆ ಎರಡು ಸಾಲು ಬರೆದಳು. ಮೇಷ್ಟ್ರು ಕಂಡುಹಿಡಿದು ಶಿಕ್ಷೆಯನ್ನು ದುಪ್ಪಟ್ಟು ಮಾಡಿದರು. ಅವಳು ಇನ್ನೆರಡು ಪೆನ್ನು ಕಟ್ಟಿದಳು. ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಬಿ.ಸಿ.ಎ. ಮುಗಿಸಿ, ಚಿಂತಾಮಣಿಯ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಕಾಲ ಪಾಠ ಹೇಳಿದಳು. ಪ್ರತಿ ಬ್ಯಾಚಿಗೂ ಅದೇ ಪಾಠ ಹೇಳಬೇಕೆಂದು ಗೊತ್ತಾದ ಮೇಲೆ ಬಿಟ್ಟು ಬಂದು ಈ ಕೋಣೆ ಹಿಡಿದಳು.

ಅವಳ ಮೊದಲ ಗಿರಾಕಿ ಕೋನಪ್ಪ. ಅಂಬಾಜಿದುರ್ಗದ ಬುಡದಲ್ಲಿ ತರಕಾರಿ ಸಸಿ ಬೆಳೆಸಿ ಮಾರುವ ಮನುಷ್ಯ. ಅರವತ್ತು ದಾಟಿದ್ದರೂ ಮೆಟ್ಟಿಲನ್ನು ಓಡಿಕೊಂಡೇ ಹತ್ತಿ ಬಂದ.

"ಇಲ್ಲಿ ವೆಬ್‌ಸೈಟು ಮಾಡ್ಕೊಡೋರು ಯಾರಮ್ಮಾ?"

"ನಾನೇ ಅಣ್ಣ. ಕೂತ್ಕೊಳ್ಳಿ."

"ನೀನೇನಾ? ಸರೇ. ನಂದು ನರ್ಸರಿ ಐತಮ್ಮ. ಟೊಮೆಟೊ, ಮೆಣಸಿನಕಾಯಿ, ಕೋಸು, ಬದನೆ, ಎಲ್ಲಾ ಸಸೀನೂ ಸಿಗ್ತವೆ. ನಮ್ಮ ಎದುರುಗಡೆ ಇನ್ನೊಬ್ಬ ಅವ್ನೆ. ಬೋರ್ಡ್ ಮೇಲೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಅಂತ ಬರೆಸವ್ನೆ. ನಂಗೆ ಅವನಿಗಿಂತ ಒಂದು ಡಬ್ಲ್ಯೂ ಜಾಸ್ತಿ ಇರ್ಲಿ."

"ಎಲ್ಲರಿಗೂ ಮೂರೇ ಇರೋದು ಅಣ್ಣ."

"ಕೇಳಿದ್ರೂ ಕೊಡಲ್ವಾ?"

ಕೊಡುವುದಿಲ್ಲವೆಂದು ನಂಬಿಸುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಆಮೇಲೆ ಕೋನಪ್ಪ ತನ್ನ ಫೋನ್ ನಂಬರಿನ ವಿಷಯಕ್ಕೆ ಬಂದ. ಮೇಲೊಂದು ಕಡೆ ಇರಬೇಕು, ಕೆಳಗೊಂದು ಕಡೆ ಇರಬೇಕು, ನಡುವೆಯೂ ಇರಬೇಕು. "ಯಾರ ಬೆರಳು ಎಲ್ಲಿ ತಗುಲಿದ್ರೂ ನಂಗೇ ಫೋನ್ ಬರ್ಬೇಕು ಕಣಮ್ಮ," ಎಂದ. ಶೈಸ್ತಾ ಹಾಗೇ ಮಾಡಿದಳು. ಪುಟದ ಮೇಲೆ ನಂಬರು ಬರೆದಳು. ಜೊತೆಗೆ ಮೊಬೈಲಿನಲ್ಲಿ ನೋಡುವವರಿಗಾಗಿ ಮೂಲೆಯಲ್ಲಿ ಫೋನಿನ ಚಿತ್ರವಿರುವ ಒಂದು ಹಸಿರು ಬಟನ್ ಇಟ್ಟಳು. ಅದನ್ನು ಮುಟ್ಟಿದರೆ ಸಾಕು, ಕೋನಪ್ಪನ ಜೇಬಿನಲ್ಲಿ ರಿಂಗಾಗುತ್ತಿತ್ತು. ಕಪ್ಪು ಕನ್ನಡಕ ಹಾಕಿ ಟೊಮೆಟೊ ಸಸಿಯ ಟ್ರೇ ಎತ್ತಿ ಹಿಡಿದ ಅವನ ಫೋಟೋ ನಡುವೆ ಕೂತಿತು. ವೆಬ್‌ಸೈಟ್ ಬಹಳ ಚೆನ್ನಾಗಿ ಬಂತು.

ಅದು ಅಷ್ಟು ಚೆನ್ನಾಗಿ ಬಂದದ್ದೇ ಮುಂದಿನ ಅನಾಹುತಕ್ಕೆಲ್ಲ ಕಾರಣ.

ಎರಡನೇ ಗಿರಾಕಿ ಬಂದಾಗ ಅದೇ ಮೇಲ್ಭಾಗ, ಅದೇ ಕೆಳಭಾಗ, ಅದೇ ಹಸಿರು ಬಟನ್ನಿನ ಕೋಡ್ ಮತ್ತೆ ಬರೆಯಬೇಕಾಯಿತು. ಶೈಸ್ತಾಳ ಕೈ ಏಳಲಿಲ್ಲ. ಅವಳು ಕೋಡ್ ಬರೆಯುವ ಎಡಿಟರಿನಲ್ಲಿ ಸ್ನಿಪೆಟ್ ಎಂಬ ಸೌಕರ್ಯವಿತ್ತು. ಪದೇ ಪದೇ ಬೇಕಾಗುವ ಕೋಡನ್ನು ಒಂದು ಕಡೆ ಬರೆದಿಟ್ಟು ಅದಕ್ಕೊಂದು ಅಡ್ಡಹೆಸರು ಕೊಡುವುದು. ಮುಂದೆ ಬೇಕಾದಾಗ ಅಡ್ಡಹೆಸರು ಬರೆದು ಟ್ಯಾಬ್ ಒತ್ತಿದರೆ ಇಡೀ ಕೋಡು ಮಡಿಸಿಟ್ಟ ಚಾಪೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಗಿರಾಕಿಯಿಂದ ಗಿರಾಕಿಗೆ ಬದಲಾಗುವ ಹೆಸರು, ಊರು, ನಂಬರುಗಳ ಜಾಗದಲ್ಲಿ ಡಾಲರ್ ಗುರುತು ಹಾಕಿ ಒಂದು ಅಂಕಿ ಕೊಟ್ಟರೆ ಕರ್ಸರು ತಾನಾಗಿ ಅಲ್ಲಿ ಹೋಗಿ ನಿಲ್ಲುತ್ತದೆ. ತುಂಬಿ, ಟ್ಯಾಬ್ ಒತ್ತಿದರೆ ಮುಂದಿನ ಜಾಗಕ್ಕೆ ಹಾರುತ್ತದೆ. ಆ ಜಾಗದಲ್ಲಿ ಮಾದರಿಗೆಂದು ಏನಾದರೂ ಬರೆದಿಡಲೂಬಹುದು. ಅದರ ಮೇಲೆ ಹೊಸದನ್ನು ಬರೆಯದೆ ಟ್ಯಾಬ್ ಒತ್ತಿ ಮುಂದೆ ಹೋದರೆ ಮಾದರಿಯೇ ಉಳಿದುಬಿಡುತ್ತದೆ.

ಶೈಸ್ತಾ ಮಾದರಿಗೆ ಕೋನಪ್ಪನ ಹೆಸರು, ನಂಬರುಗಳನ್ನೇ ಬಿಟ್ಟಳು. ಅವನ ಪುಟದಿಂದಲೇ ಎತ್ತಿದ್ದಲ್ಲವೇ.

ಮೊದಲೆರಡು ದಿನ ಸ್ನಿಪೆಟ್ ಅವಳನ್ನು ಆಟ ಆಡಿಸಿತು. ಪ್ರತಿ ಸಾಲನ್ನೂ ಉದ್ಧರಣ ಚಿಹ್ನೆಯೊಳಗಿಟ್ಟು ಕೊನೆಗೊಂದು ಅಲ್ಪವಿರಾಮ ಹಾಕಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಫೈಲು ಬೀಗರ ಮನೆಯ ಹಿರಿಯರಂತೆ ಮುನಿಸಿಕೊಂಡು ಕೂರುತ್ತಿತ್ತು. ಇನ್ನೊಂದು ಸಲ ಮದುವೆ ಫೋಟೋಗಳ ಪುಟದ ಸ್ನಿಪೆಟ್ಟಿಗೆ ಅಡ್ಡಹೆಸರು ಚಿಕ್ಕದಿರಲಿ ಎಂದು ಇಂಗ್ಲಿಷಿನ 'ಎ' ಒಂದನ್ನೇ ಕೊಟ್ಟಳು. ಆಮೇಲೆ ಎಲ್ಲಿ 'ಎ' ಬರೆದು ಟ್ಯಾಬ್ ಒತ್ತಿದರೂ ಇಡೀ ಮದುವೆ ಆಲ್ಬಮ್ಮು ಬಂದು ಬೀಳತೊಡಗಿತು.

ಪರದೆಯ ತುಂಬ ಡಾಲರ್ ಗುರುತು ನೋಡಿ ಅವಳ ತಾಯಿ ಜಾನ್ ಬೀಗೆ ಕಣ್ಣರಳಿತು. "ಇಷ್ಟೊಂದು ಡಾಲರ್ ಬರ್ತಿದೆಯಾ ಬೇಟಿ?" ಎಂದು ಮೆಲ್ಲಗೆ ಕೇಳಿದರು. ಶೈಸ್ತಾ ಅದು ದುಡ್ಡಲ್ಲ ಎಂದು ವಿವರಿಸಿದಳು. ಜಾನ್ ಬೀ ತಲೆಯಾಡಿಸಿದರು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಗಿತ್ತು: ಕರೀಂ ಸಾಬರ ಮಗಳಿಗೆ ಅಮೆರಿಕದಿಂದ ಸಂಬಳ, ಆದರೆ ಹುಡುಗಿ ಹೇಳಿಕೊಳ್ಳುವುದಿಲ್ಲ, ಬಲು ವಿನಯ.

ಶೈಸ್ತಾ ತನಗೆ ನೆನಪಿರುವಂತೆ ಅಡ್ಡಹೆಸರುಗಳನ್ನು ಕೊಟ್ಟಳು. ಬಂದವರ ಹೆಸರು, ಊರು, ಬಂದ ಕಾರಣ ಎಲ್ಲವನ್ನೂ ವಿಚಾರಿಸುವ ಫಾರಂಗೆ 'ಅಮ್ಮಿ'. 'ಕೆಲಸ ನಡೆಯುತ್ತಿದೆ, ದಯವಿಟ್ಟು ತಾಳ್ಮೆ ಇರಲಿ' ಎನ್ನುವ ಪುಟಕ್ಕೆ 'ಅಬ್ಬಾ', ಏಕೆಂದರೆ ಕರೀಂ ಸಾಬರು ಯಾರು ಏನು ಕೇಳಿದರೂ ನಾಳೆ ಆಗುತ್ತದೆ ಎನ್ನುವವರು. ಮತ್ತು ಇಡೀ ಮುಖಪುಟವನ್ನು ಹೊರಗೆ ತರುವ ದೊಡ್ಡ ಸ್ನಿಪೆಟ್ಟಿಗೆ, ಕೋನಪ್ಪನ ಗೌರವಾರ್ಥ, ಇಂಗ್ಲಿಷ್ ಅಕ್ಷರದಲ್ಲಿ 'ಕೋನ'.

ಕೆಳಗಿನ ಶೆಡ್ ನೋಡಿಕೊಳ್ಳುವ ತಮ್ಮ ನವೀದ್ ಒಮ್ಮೆ ಹಿಂದೆ ನಿಂತು ನೋಡಿದ. "ಏನ್ ಆಪಾ ಇದು, ಕೋಣ ಅಂತ ಬರೆದ್ರೆ ವೆಬ್‌ಸೈಟ್ ಬರುತ್ತಾ?"

"ಕೋಣ ಅಲ್ವೋ, ಕೋನ."

"ಎಮ್ಮೆ ಅಂತ ಬರೆದ್ರೆ?"

"ನೀನು ಬರ್ತೀಯ. ಕೆಳಗೆ ಹೋಗು."

ಇದಾದ ಮೇಲೆ ಶೈಸ್ತಾಳ ಕೆಲಸಕ್ಕೆ ರೆಕ್ಕೆ ಬಂತು. ಬೆಳಿಗ್ಗೆ ಬಂದ ಗಿರಾಕಿ ಸಂಜೆಗೆ ವೆಬ್‌ಸೈಟ್ ಹಿಡಿದುಕೊಂಡು ಹೋಗುತ್ತಿದ್ದ. ಕೋನ, ಟ್ಯಾಬ್, ಹೆಸರು, ಟ್ಯಾಬ್, ಊರು, ಟ್ಯಾಬ್, ನಂಬರು, ಟ್ಯಾಬ್ ಟ್ಯಾಬ್ ಟ್ಯಾಬ್. ಗೌರಿಬಿದನೂರಿನ ಹಲ್ಲಿನ ಡಾಕ್ಟರು ರಮೇಶ್‌ಬಾಬು ಮಾಡಿಸಿಕೊಂಡರು. ಮಂಚೇನಹಳ್ಳಿಯಲ್ಲಿ ಕಲ್ಯಾಣ ಮಂಟಪ ಕಟ್ಟಿಸಿದ್ದ ನರೇಂದ್ರ ಮಾಡಿಸಿಕೊಂಡ. ಚಿಕ್ಕಬಳ್ಳಾಪುರದಲ್ಲಿ ಪುಟ್ಟ ಮಕ್ಕಳಿಗೆ ನರ್ಸರಿ ಶಾಲೆ ತೆರೆದಿದ್ದ ಶಾಂಭವಿ ಮಾಡಿಸಿಕೊಂಡರು. ಇನ್ನೂ ಎಷ್ಟೋ ಜನ. ಟ್ಯಾಬ್ ಒತ್ತುವ ಬೆರಳಿಗೆ ಮದ ಬಂದಿತ್ತು.

ಆ ಕೊನೆಯ ಟ್ಯಾಬ್ ಟ್ಯಾಬ್ ಟ್ಯಾಬ್‌ಗಳಲ್ಲಿ ಒಂದು ಹಸಿರು ಬಟನ್ನಿನದು. ಪುಟದ ಮೇಲೆ ಕಾಣುವ ನಂಬರನ್ನು ಶೈಸ್ತಾ ಸರಿಯಾಗಿ ತುಂಬುತ್ತಿದ್ದಳು. ಬಟನ್ನಿನೊಳಗೆ ಅಡಗಿದ ನಂಬರಿಗೆ ಬೇರೆ ಜಾಗವಿದೆ ಎಂಬುದು ಅವಳಿಗೆ ಮರೆತೇ ಹೋಗಿತ್ತು. ಕಂಪ್ಯೂಟರಿನಲ್ಲಿ ನೋಡಿದರೆ ಬಟನ್ ಕಾಣುತ್ತಲೇ ಇರಲಿಲ್ಲ. ಆದರೆ ಈ ನಾಲ್ಕು ಊರಿನ ಜನ ವೆಬ್‌ಸೈಟ್ ನೋಡುವುದು ಮೊಬೈಲಿನಲ್ಲಿ. ನಂಬರು ಬರೆದುಕೊಂಡು ಒತ್ತುವವರು ಯಾರು? ಎಲ್ಲರೂ ಹಸಿರು ಬಟನ್ನನ್ನೇ ಮುಟ್ಟಿದರು. ಮುಟ್ಟಿದವರೆಲ್ಲರ ಫೋನೂ ಅಂಬಾಜಿದುರ್ಗದ ಬುಡದಲ್ಲಿ ಹೋಗಿ ರಿಂಗಾಯಿತು.

ಮೊದಲು ಬಂದದ್ದು ಚಿಕ್ಕಬಳ್ಳಾಪುರದ ಒಬ್ಬ ತಾಯಿಯ ಫೋನು.

"ಹಲೋ, ನರ್ಸರೀನಾ ಸಾರ್?"

"ಹೌದಮ್ಮ, ನರ್ಸರೀನೇ. ಹೇಳಮ್ಮ," ಎಂದ ಕೋನಪ್ಪ.

"ಸೀಟ್ ಇದೆಯಾ ಸಾರ್?"

ಕೋನಪ್ಪನ ಕಿವಿಗೆ ಅದು ಸೀಡ್ ಎಂದು ಬಿತ್ತು. "ನಾವು ಬರೀ ಬೀಜ ಕೊಡಲ್ಲಮ್ಮ. ಬೆಳೆಸೇ ಕೊಡೋದು."

ಆ ತಾಯಿಗೆ ಬಹಳ ಮೆಚ್ಚಿಕೆಯಾಯಿತು. ಬೇರೆ ಯಾವ ಶಾಲೆಯವರೂ ಹೀಗೆ ಮಾತಾಡಿರಲಿಲ್ಲ. "ಟೈಮಿಂಗ್ಸ್ ಹೇಗೆ ಸಾರ್?"

"ಮೂರು ವಾರ ಇಲ್ಲೇ ಬಿಟ್ಬಿಡ್ಬೇಕು."

"ರಾತ್ರಿನೂನಾ?"

"ಮತ್ತೆ? ರಾತ್ರಿ ಎತ್ಕೊಂಡು ಹೋಗೋಕಾಗುತ್ತಾ? ಮೇಲೆ ನೆರಳುಬಲೆ ಕಟ್ಟಿದೀವಿ. ಕೆಳಗೆ ತೆಂಗಿನ ನಾರಿನ ಪುಡಿ, ಮೆತ್ತಗಿರ್ತದೆ. ಬೆಳಿಗ್ಗೆ ಸಂಜೆ ನೀರು ಹಾಕ್ತೀವಿ."

"ಊಟಕ್ಕೆ?"

"ಗೊಬ್ಬರದ ನೀರು."

ಆಕೆ ಸಣ್ಣ ದನಿಯಲ್ಲಿ, "ಒಂದೊಂದರಲ್ಲಿ ಎಷ್ಟು ಇರ್ತಾರೆ ಸಾರ್?" ಎಂದರು.

"ಒಂದು ಟ್ರೇಗೆ ತೊಂಬತ್ತೆಂಟು. ಒಂದೆರಡು ಒಣಗೋದ್ರೆ ಯೋಚ್ನೆ ಮಾಡ್ಬೇಡಮ್ಮ, ಬದಲಿ ಕೊಡ್ತೀವಿ."

ಫೋನು ಕಟ್ಟಾಯಿತು. "ಪಾಪ, ಸಿಗ್ನಲ್ ಇಲ್ಲ," ಎಂದುಕೊಂಡ ಕೋನಪ್ಪ.

ಆಮೇಲೆ ಗೌರಿಬಿದನೂರಿನಿಂದ ಒಬ್ಬರು ಹಲ್ಲು ಕೀಳಿಸಬೇಕು ಎಂದರು. ಕೋನಪ್ಪ ಹುಲ್ಲು ಎಂದು ಕೇಳಿಸಿಕೊಂಡ. "ಹುಲ್ಲು ಕೀಳೋಕೆ ನಾನ್ಯಾಕಪ್ಪ? ಊರಲ್ಲಿ ಕೂಲಿಯೋರು ಸಿಗಲ್ವಾ? ನಾಲ್ಕು ಜನ ಹೆಣ್ಣಾಳು ಕರೆಸ್ಕೋ, ಸಾಲು ಹಿಡ್ಕೊಂಡು ಬುಡಸಮೇತ ಕಿತ್ತಾಕ್ತಾರೆ."

ಆ ಮನುಷ್ಯ ಹೆದರಿ, ನೋವು ಕಡಿಮೆಯಾಗಿದೆ ಎಂದು ಹೇಳಿ ಫೋನಿಟ್ಟ.

ಕೋನಪ್ಪ ದಡ್ಡನಲ್ಲ. ಫೋನುಗಳು ಹೆಚ್ಚಾದ ಹಾಗೆ, ಕರೆ ಮಾಡುವವರು ಸಸಿಗಾಗಿ ಮಾಡುತ್ತಿಲ್ಲ ಎಂಬುದು ಅವನಿಗೆ ತಿಳಿಯಿತು. ಆದರೆ ತಪ್ಪು ನಂಬರ್ ಎಂದು ಹೇಳಲು ಮನಸ್ಸು ಬರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಾತಿಲ್ಲದ ಸಸಿಗಳ ನಡುವೆ ಕೂರುವ ಮನುಷ್ಯ ಅವನು. ಜೊತೆಗೆ, ವೆಬ್‌ಸೈಟ್ ಎಂದರೆ ಲೋಕವೇ ನಿಮ್ಮ ಬಾಗಿಲಿಗೆ ಬರುತ್ತದೆ ಎಂದು ಶೈಸ್ತಾ ಹೇಳಿದ್ದಳು. ಲೋಕ ಬಂದಿತ್ತು. ಲೋಕಕ್ಕೆ ಹಲ್ಲುನೋವಿತ್ತು, ಮದುವೆಯಿತ್ತು, ಮಕ್ಕಳಿದ್ದರು. ಇಲ್ಲ ಎಂದು ಹೇಗೆ ಕಳಿಸುವುದು?

ಹಾಗಾಗಿ ಅವನು ಎಲ್ಲರನ್ನೂ ಸಂಭಾಳಿಸತೊಡಗಿದ. ಹಲ್ಲಿನವರಿಗೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಬೆಳಿಗ್ಗೆ ಬೇಗ ಹೋಗಿ ಡಾಕ್ಟರನ್ನು ಕಾಣಿರಿ ಎಂದು ಹೇಳುತ್ತಿದ್ದ. ಕಲ್ಯಾಣ ಮಂಟಪ ಕೇಳುವವರನ್ನು ಹೆಂಡತಿ ರಾಮಲಕ್ಷ್ಮಮ್ಮನಿಗೆ ಒಪ್ಪಿಸಿದ. ಆಕೆ ಮಂಟಪ ನೋಡಿರಲಿಲ್ಲ. ಆದರೆ ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ್ದ ಆಕೆಗೆ ಮಂಟಪ ಹೇಗಿರಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ದಿನಾಂಕ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. ಎಷ್ಟು ಜನ, ಯಾರ ಕಡೆಯವರು, ಅಡಿಗೆಯವರು ಯಾರು ಎಂದು ವಿಚಾರಿಸುತ್ತಿದ್ದರು. ಪಾಯಸಕ್ಕೆ ಹೆಸರುಬೇಳೆ ಬೇಡ, ಶ್ಯಾವಿಗೆ ಹಾಕಿಸಿ ಎನ್ನುತ್ತಿದ್ದರು. ಒಬ್ಬ ವರನ ತಂದೆಗೆ, "ಹೆಣ್ಣಿನೋರ ಹತ್ರ ಇಷ್ಟೊಂದು ಕೇಳಿದ್ರೆ ಮಂಟಪ ಕೊಡಲ್ಲ," ಎಂದೂ ಗದರಿಸಿದ್ದರು.

ಶೈಸ್ತಾಳಿಗೆ ಇದರ ಗಂಧಗಾಳಿ ಇರಲಿಲ್ಲ. ಒಂದು ಮಧ್ಯಾಹ್ನ ಶಾಂಭವಿ ಚಿಕ್ಕಬಳ್ಳಾಪುರದಿಂದ ನೇರವಾಗಿ ಬಂದು ಮೆಟ್ಟಿಲು ಹತ್ತಿದರು. ಮೂಗು ಮುಚ್ಚಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದಷ್ಟು ಕೋಪದಲ್ಲಿದ್ದರು.

"ಶೈಸ್ತಾ, ನಮ್ಮ ಶಾಲೇಲಿ ಮಕ್ಕಳಿಗೆ ಗೊಬ್ಬರದ ನೀರು ಕೊಡ್ತೀವಾ?"

"ಏನ್ ಮೇಡಂ?"

"ಒಬ್ಬ ತಾಯಿ ಬಂದು ಕೇಳ್ತಾರೆ, ಮಕ್ಕಳು ಒಣಗಿಹೋದ್ರೆ ಬದಲಿ ಕೊಡ್ತೀರಂತೆ ಹೌದಾ ಅಂತ! ನಿಮ್ಮ ವೆಬ್‌ಸೈಟಿನಿಂದ ಫೋನ್ ಮಾಡಿದ್ರಂತೆ. ನಂಗೆ ಇದುವರೆಗೂ ಒಂದು ಫೋನೂ ಬಂದಿಲ್ಲ!"

ಶೈಸ್ತಾ ತನ್ನ ಮೊಬೈಲ್ ತೆಗೆದು ಶಾಲೆಯ ಪುಟ ತೆರೆದಳು. ನಂಬರು ಸರಿಯಾಗಿತ್ತು. ಹಸಿರು ಬಟನ್ ಒತ್ತಿದಳು. ಎರಡು ರಿಂಗಿಗೆ ಆ ಕಡೆಯಿಂದ ಉತ್ಸಾಹದ ದನಿ ಕೇಳಿತು.

"ಹಲೋ! ನಿಂಗೆ ಏನ್ ಬೇಕಪ್ಪ? ಹಲ್ಲಾ, ಛತ್ರಾನಾ, ಮಕ್ಕಳಾ?"

ಶೈಸ್ತಾಳ ಮುಖ ಬೇಯಿಸಿದ ಗೂಡಿನ ಹಾಗೆ ಬಿಳಿಚಿತು. ಮಾತಾಡದೆ ಫೋನ್ ಇಟ್ಟಳು. ಹಲ್ಲಿನ ಡಾಕ್ಟರ ಪುಟ ತೆರೆದು ಬಟನ್ ಒತ್ತಿದಳು. ಅದೇ ದನಿ. ಮಂಟಪದ ಪುಟ. ಅದೇ ದನಿ, ಈಗ ಸ್ವಲ್ಪ ಬೇಸರದಲ್ಲಿ: "ಮಾತಾಡಪ್ಪ, ಹೆದರ್ಕೋಬೇಡ."

ಶಾಂಭವಿಗೆ ಕ್ಷಮೆ ಕೇಳಿ, ಎದುರಿನಲ್ಲೇ ಅವರ ಪುಟ ಸರಿಮಾಡಿಕೊಟ್ಟಳು. ಅವರು ಹೋದ ಮೇಲೆ ಉಳಿದ ಪುಟಗಳನ್ನು ನೋಡುತ್ತಾ ಕೂತರೆ ಎಲ್ಲದರ ಹೊಟ್ಟೆಯಲ್ಲೂ ಕೋನಪ್ಪ. ಅವಳಿಗೆ ನಾಚಿಕೆಯಾಯಿತು, ಭಯವೂ ಆಯಿತು. ಅದರ ನಡುವೆ ತಡೆಯಲಾರದಷ್ಟು ನಗುವೂ ಬಂತು. ಆ ಮೂರರಲ್ಲಿ ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ನವೀದನನ್ನು ಕೂಗಿ, "ಬೈಕ್ ತೆಗಿ, ಅಂಬಾಜಿದುರ್ಗಕ್ಕೆ ಹೋಗಣ," ಎಂದಳು.

ದಾರಿಯುದ್ದಕ್ಕೂ ಅವಳು ಕ್ಷಮಾಪಣೆಯ ಮಾತುಗಳನ್ನು ಜೋಡಿಸಿಕೊಂಡಳು. ಅಲ್ಲಿ ಇಳಿದರೆ ಕೋನಪ್ಪ ಎರಡೂ ಕೈ ಚಾಚಿಕೊಂಡು ಬಂದ.

"ರಾ ಶೈಸ್ತಮ್ಮ, ರಾ! ಏನ್ ವೆಬ್‌ಸೈಟಮ್ಮ ಅದು! ಎದುರುಗಡೆಯೋನಿಗೆ ದಿನಕ್ಕೊಂದು ಫೋನ್ ಬಂದ್ರೆ ಹೆಚ್ಚು. ನಂಗೆ ಊಟ ಮಾಡೋಕೂ ಬಿಡಲ್ಲ. ರಾಮಲಕ್ಷ್ಮೀ, ಕಾಫಿ ಇಡು!"

"ಅಣ್ಣ, ನಾನು ಒಂದು ವಿಷಯ ಹೇಳ್ಬೇಕು."

"ಹೇಳಮ್ಮ."

"ಆ ಫೋನುಗಳೆಲ್ಲ ನಿಮಗೆ ಬಂದಿದ್ದಲ್ಲ. ನನ್ನ ತಪ್ಪಿನಿಂದ ಬೇರೆಯವರ ಪುಟದಲ್ಲಿ ನಿಮ್ಮ ನಂಬರ್ ಉಳಿದುಹೋಗಿದೆ."

ಕೋನಪ್ಪ ಅವಳನ್ನೇ ನೋಡಿದ. "ಬೇರೆಯೋರದ್ರಲ್ಲಿ ಅಂದ್ರೆ?"

ಶೈಸ್ತಾ ಸ್ನಿಪೆಟ್ಟು, ಟ್ಯಾಬು, ಮಾದರಿ ಎಲ್ಲವನ್ನೂ ಹೇಳಿದಳು. ಕೋನಪ್ಪನಿಗೆ ಅರ್ಥವಾಗಲಿಲ್ಲ. ಆಗ ನವೀದ್ ಒಂದು ಖಾಲಿ ಟ್ರೇ ಎತ್ತಿ ತೋರಿಸಿದ. "ನೋಡಿ ಕೋನಪ್ಪಣ್ಣ, ಟ್ರೇ ಒಂದೇ. ಒಂದೊಂದು ಸಲ ಒಂದೊಂದು ಬೀಜ ಹಾಕ್ತೀರಲ್ವಾ? ನಮ್ಮ ಆಪಾ ಒಂದು ಗುಣಿ ತೊಳೀದೇನೇ ಬಿಟ್ಟಿದಾಳೆ. ಎಲ್ಲಾ ಸಲಾನೂ ಅದ್ರಲ್ಲಿ ನೀವೇ ಮೊಳಕೆ ಒಡೀತಿದೀರ."

ಕೋನಪ್ಪನ ಮುಖ ಬಾಡಿತು. "ಹಂಗಾದ್ರೆ ನಂಗೆ ಅಂತ ಯಾರೂ ಮಾಡಿಲ್ವಾ?"

ಶೈಸ್ತಾಳಿಗೆ ಬೈಸಿಕೊಂಡಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅಷ್ಟರಲ್ಲಿ ರಾಮಲಕ್ಷ್ಮಮ್ಮ ಕಾಫಿ ತಂದರು. ವಿಷಯ ಕೇಳಿ ಲೋಟವನ್ನು ಕಲ್ಲಿನ ಮೇಲಿಟ್ಟು, "ಅದೆಲ್ಲ ಆಮೇಲೆ. ಮಂಟಪಕ್ಕೆ ನಾನು ದಿನ ಕೊಟ್ಟಿದೀನಲ್ಲ, ಅವರ ಗತಿ?" ಎಂದರು.

"ಯಾವ ದಿನ ಅಕ್ಕ?"

ಆಕೆ ಕ್ಯಾಲೆಂಡರನ್ನೇ ಗೋಡೆಯಿಂದ ಇಳಿಸಿ ತಂದರು. ಶೈಸ್ತಾ ಅದನ್ನು ನೋಡಿ ನರೇಂದ್ರನಿಗೆ ಫೋನ್ ಮಾಡಿದಳು. ಒಂದು ಬಿಟ್ಟು ಮಿಕ್ಕ ಎಲ್ಲ ದಿನಗಳೂ ಖಾಲಿಯಿದ್ದವು. ಆ ಒಂದು ದಿನ, ಬರುವ ಭಾನುವಾರ, ನರೇಂದ್ರ ಒಂದು ಮದುವೆಗೆ ಮಂಟಪ ಕೊಟ್ಟಿದ್ದ; ರಾಮಲಕ್ಷ್ಮಮ್ಮ ಅದೇ ದಿನ ಒಂದು ನಾಮಕರಣಕ್ಕೆ ಕೊಟ್ಟಿದ್ದರು.

"ಯಾರ್ರೀ ಅದು ನನ್ನ ಮಂಟಪನ ನನಗೆ ಕೇಳ್ದೆ ಕೊಡೋಕೆ?" ನರೇಂದ್ರನ ಕೂಗು ಫೋನಿನ ಹೊರಗೂ ಕೇಳುತ್ತಿತ್ತು. "ಮದುವೆ ಮನೆಗೆ ಮಗು ತಂದು ಮಲಗಿಸಿದ್ರೆ ಜನ ಏನಂದ್ಕೊಂತಾರೆ?"

ಕೋನಪ್ಪ ಕೈ ನೀಡಿ ಫೋನು ಇಸಿದುಕೊಂಡ. "ಕೊಡಮ್ಮ ಇಲ್ಲಿ. ಹಲೋ, ನರೇಂದ್ರಪ್ಪಾ, ನಾನೇ ಕೋನಪ್ಪ. ಕೂಗ್ಬೇಡಪ್ಪ, ಗಂಟಲು ಕಟ್ಟುತ್ತೆ. ನಿನ್ನ ಮಂಟಪಕ್ಕೆ ಊಟದ ಹಾಲ್ ಬೇರೆ ಐತಾ?"

"ಐತೆ, ಅದಕ್ಕೇನೀಗ?"

"ಮುಹೂರ್ತ ಎಷ್ಟೊತ್ತಿಗೆ?"

"ಹನ್ನೊಂದಕ್ಕೆ."

"ಹಂಗಾದ್ರೆ ಬೆಳಿಗ್ಗೆ ಎಂಟಕ್ಕೆ ಊಟದ ಹಾಲಲ್ಲಿ ಹೆಸರಿಡ್ಸಿ ತಿಂಡಿ ಕೊಟ್ಟು ಕಳಿಸ್ಬಿಡಣ. ಅಡಿಗೆಯೋರು ಹೆಂಗೂ ಬಂದಿರ್ತಾರೆ. ಎರಡು ಕಡೆಯೋರ ಹತ್ರಾನೂ ನಾನು ಮಾತಾಡ್ತೀನಿ. ನೀನು ಕಾಫಿ ಕುಡಿ."

ಅವನು ಮಾತಾಡಿದ. ಮಗುವಿನ ಅಜ್ಜಿಗೆ, ಮದುವೆಯ ಚಪ್ಪರದಡಿ ಹೆಸರಿಡಿಸಿಕೊಂಡ ಮಗು ಬದುಕೆಲ್ಲಾ ಊಟಕ್ಕೆ ಕೊರತೆ ಕಾಣುವುದಿಲ್ಲ ಎಂದ. ಮದುವೆಯವರಿಗೆ, ಎಳೆ ಮಗು ಎದುರಾಗುವುದಕ್ಕಿಂತ ಒಳ್ಳೆ ಶಕುನ ಯಾವುದು ಹೇಳಿ ಎಂದ. ಎರಡೂ ಅವನು ಆ ಕ್ಷಣಕ್ಕೆ ಹುಟ್ಟಿಸಿದ ಮಾತುಗಳು. ಎರಡೂ ಮನೆಯವರು, ಹೌದು, ನಮ್ಮ ಹಿರಿಯರೂ ಹಾಗೇ ಹೇಳುತ್ತಿದ್ದರು ಎಂದು ಒಪ್ಪಿಕೊಂಡರು.

ಭಾನುವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು, ವಾಲಗದವರದು ಬಿಟ್ಟರೆ. ಅವರು ಬೇಗ ಬಂದು, ಊಟದ ಹಾಲಿನಲ್ಲಿ ಜನ ನೆರೆದದ್ದು ನೋಡಿ ಇದೇ ಮದುವೆ ಎಂದುಕೊಂಡು, ಮಗುವಿನ ಕಿವಿಯಲ್ಲಿ ಸೋದರತ್ತೆ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಗಟ್ಟಿಮೇಳ ಬಾರಿಸಿಬಿಟ್ಟರು. ಏನು ಹೆಸರಿಟ್ಟರೆಂದು ಯಾರಿಗೂ ಕೇಳಲಿಲ್ಲ. ಮಗು ಮಾತ್ರ ಎಚ್ಚರವಾಗಿ ಡೋಲಿನವನನ್ನೇ ನೋಡುತ್ತಾ ನಕ್ಕಿತಂತೆ. ಹೆಸರನ್ನು ಇನ್ನೊಮ್ಮೆ ಹೇಳಿಸಿದರು.

ಆ ವಾರ ಶೈಸ್ತಾ ಎಲ್ಲ ಪುಟಗಳಿಂದಲೂ ಕೋನಪ್ಪನ ನಂಬರನ್ನು ಕಿತ್ತಳು. ಸ್ನಿಪೆಟ್ಟನ್ನೂ ತಿದ್ದಿದಳು. ಪುಟದ ಮೇಲಿನ ನಂಬರಿಗೂ ಬಟನ್ನಿನೊಳಗಿನ ನಂಬರಿಗೂ ಒಂದೇ ಅಂಕಿ ಕೊಟ್ಟರೆ ಒಂದು ಕಡೆ ತುಂಬಿದ್ದು ಇನ್ನೊಂದು ಕಡೆ ತಾನಾಗಿ ತುಂಬಿಕೊಳ್ಳುತ್ತದೆ ಎಂಬುದನ್ನು ಈಗ ಕಲಿತಳು. ಮೊದಲೇ ಆ ಪಾಠವನ್ನು ಓದಿದ್ದಳು, ಚಿಂತಾಮಣಿಯಲ್ಲಿ ಬೇರೆಯವರಿಗೆ ಹೇಳಿಯೂ ಕೊಟ್ಟಿದ್ದಳು.

ಮುಂದಿನ ವಾರ ಕೋನಪ್ಪ ಮೆಟ್ಟಿಲು ಹತ್ತಿ ಬಂದ. ಈ ಸಲ ಓಡಿಕೊಂಡು ಬರಲಿಲ್ಲ.

"ಶೈಸ್ತಮ್ಮ, ನನ್ನ ವೆಬ್‌ಸೈಟ್ ಕೆಟ್ಟೋಗಿದೆ ನೋಡು."

ಅವಳು ತೆರೆದು ನೋಡಿದಳು. "ಚೆನ್ನಾಗೇ ಇದೆಯಲ್ಲಣ್ಣ."

"ಏನ್ ಚೆನ್ನಾಗೈತೆ? ಬರೀ ಸಸಿ ಕೇಳೋರೇ ಫೋನ್ ಮಾಡ್ತಾರೆ. 'ಟೊಮೆಟೊ ಐತಾ, ಐತೆ.' ಮುಗೀತು. ಗೌರಿಬಿದನೂರಲ್ಲಿ ಒಬ್ರಿಗೆ ದವಡೆ ಊದ್ಕೊಂಡಿತ್ತು, ಏನಾಯ್ತೋ ಏನೋ. ರಾಮಲಕ್ಷ್ಮೀನೂ ಕ್ಯಾಲೆಂಡರ್ ನೋಡ್ಕೊಂಡು ಸುಮ್ನೆ ಕೂತವ್ಳೆ."

ಶೈಸ್ತಾ ಚಹಾ ತರಿಸಿದಳು. ಅವರು ಅದನ್ನು ಕುಡಿಯುತ್ತಿರುವಾಗಲೇ ನರೇಂದ್ರನ ಫೋನು ಬಂತು.

"ಮೇಡಂ, ನೀವು ನಮ್ಮ ಪುಟದಲ್ಲಿ ನನ್ನ ನಂಬರ್ ಹಾಕಿದೀರಲ್ಲ, ಅದನ್ನ ತೆಗೀರಿ."

"ಈಗ ಯಾಕೆ ಸಾರ್? ಸರಿಯಾಗೇ ಇದೆ."

"ನಾನು ಫೋನ್ ಎತ್ತಿದ್ರೆ ಜನ 'ಆ ಅಮ್ಮ ಇಲ್ವಾ? ಆ ಅಣ್ಣ ಇಲ್ವಾ?' ಅಂತಾರೆ. ನಾನು ಬಾಡಿಗೆ ಹೇಳಿದ ತಕ್ಷಣ ಇಟ್ಬಿಡ್ತಾರೆ. ಅವರೇ ಮಾತಾಡ್ಲಿ ಮೇಡಂ. ದಿನ ಮಾತ್ರ ನನ್ನ ಕೇಳಿ ಕೊಡ್ಲಿ. ಆ ಅಮ್ಮನಿಗೆ ಹೇಳಿ, ಶ್ಯಾವಿಗೆ ಪಾಯಸ ಚೆನ್ನಾಗಿತ್ತು."

ಶೈಸ್ತಾ ಫೋನನ್ನು ಸ್ಪೀಕರಿಗೆ ಹಾಕಿ ಇನ್ನೊಮ್ಮೆ ಹೇಳಿಸಿದಳು. ಕೋನಪ್ಪ ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಯೋಚನೆ ಮಾಡಿ ಹೇಳುತ್ತೇನೆ ಎಂದು ಬಹಳ ದೊಡ್ಡ ಮನುಷ್ಯನ ದನಿಯಲ್ಲಿ ಹೇಳಿದ. ಯೋಚಿಸುವುದು ಅಲ್ಲೇ, ಆ ಕುರ್ಚಿಯಲ್ಲೇ, ಫೋನ್ ಕಟ್ಟಾಗುವ ಮೊದಲೇ ಮುಗಿಯಿತು. ಈಗ ಮಂಚೇನಹಳ್ಳಿಯ ಮಂಟಪ ಬೇಕಾದವರು ಹಸಿರು ಬಟನ್ ಒತ್ತಿದರೆ ಬೆಳಿಗ್ಗೆ ಕೋನಪ್ಪ ಎತ್ತುತ್ತಾನೆ, ಮಧ್ಯಾಹ್ನದ ಮೇಲೆ ರಾಮಲಕ್ಷ್ಮಮ್ಮ. ಮದುವೆಯ ಜೊತೆ ಸಸಿಯೂ ಬೇಕೇ ಎಂದು ಇಬ್ಬರೂ ಕೇಳುತ್ತಾರೆ. ಕೆಲವರು ತಾಂಬೂಲದ ಜೊತೆ ಟೊಮೆಟೊ ಸಸಿ ಹಂಚಿದ್ದೂ ಉಂಟು.

ಶೈಸ್ತಾಳ ವಿಷಯಕ್ಕೆ ಬಂದರೆ, ಅವಳಿಗೆ ಬುದ್ಧಿ ಬಂತು ಎಂದು ಹೇಳಬಹುದು. ಸ್ನಿಪೆಟ್ಟಿನಲ್ಲಿ ಮಾದರಿಗೆ ಯಾರ ನಂಬರನ್ನೂ ಇಡಬಾರದು ಎಂದು ತೀರ್ಮಾನಿಸಿ, ಆ ಜಾಗದಲ್ಲಿ ತನ್ನನ್ನು ತಾನೇ ಎಚ್ಚರಿಸಿಕೊಳ್ಳಲು ಒಂದು ವಾಕ್ಯ ಬರೆದಿಟ್ಟಳು. ಅದು ಕಣ್ಣಿಗೆ ಬಿದ್ದರೆ ತಾನು ಮರೆಯಲು ಸಾಧ್ಯವೇ ಇಲ್ಲ ಎಂಬ ಧೈರ್ಯ ಅವಳಿಗೆ. ಮರುದಿನ ಹಲ್ಲಿನ ಡಾಕ್ಟರು ರಮೇಶ್‌ಬಾಬು ತಮ್ಮ ಕ್ಲಿನಿಕ್ಕಿಗೆ ಇನ್ನೊಂದು ಪುಟ ಬೇಕೆಂದರು, ಹಲ್ಲಿಗೆ ತಂತಿ ಕಟ್ಟುವ ಚಿಕಿತ್ಸೆಯ ಬಗ್ಗೆ. ಶೈಸ್ತಾ ಕೋನ ಎಂದು ಬರೆದು ಟ್ಯಾಬ್ ಒತ್ತಿದಳು. ಹೆಸರು ತುಂಬಿದಳು, ಊರು ತುಂಬಿದಳು. ಅಷ್ಟರಲ್ಲಿ ಕರೆಂಟು ಹೋಗಿ, ಯುಪಿಎಸ್ಸು ಕೀಚಲು ದನಿಯಲ್ಲಿ ಅರಚತೊಡಗಿತು. ಅವಳು ಗಾಬರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಉಳಿಸಿ, ವೆಬ್‌ಸೈಟಿಗೆ ಏರಿಸಿ, ಊಟಕ್ಕೆ ಇಳಿದುಹೋದಳು.

ಮಾರನೆಯ ಬೆಳಿಗ್ಗೆ ಡಾಕ್ಟರ ಫೋನು ಬಂತು.

"ಮೇಡಂ, ನಮ್ಮ ವೆಬ್‌ಸೈಟ್ ನಿಮ್ಮನ್ನ ಬೈತಾ ಇದೆ."

"ಏನಂತ ಸಾರ್?"

ಡಾಕ್ಟರು ನಿಧಾನವಾಗಿ ಓದಿದರು. "ಡಾಕ್ಟರ್ ರಮೇಶ್‌ಬಾಬು, ದಂತವೈದ್ಯರು, ಗೌರಿಬಿದನೂರು. ಫೋನ್: ಲೇ ಶೈಸ್ತಾ, ತಲೆ ಎಲ್ಲಿಟ್ಟಿದೀಯೇ, ಇಲ್ಲಿ ನಂಬರ್ ಹಾಕೇ."

ಶೈಸ್ತಾ ಹಣೆ ಚಚ್ಚಿಕೊಂಡಳು. ಕೆಳಗಿನಿಂದ ನವೀದ್ ಏನಾಯಿತೆಂದು ಕೂಗಿದ. "ಸಾರಿ ಸಾರ್, ತುಂಬಾ ಸಾರಿ. ಈಗಲೇ ತೆಗೆದ್ಬಿಡ್ತೀನಿ."

"ಬೇಡ ಬೇಡ, ಸಂಜೆವರೆಗೂ ಇರ್ಲಿ," ಎಂದರು ಡಾಕ್ಟರು. "ಬೆಳಿಗ್ಗೆಯಿಂದ ಪೇಷಂಟುಗಳು ನಗ್ತಾನೇ ಒಳಗೆ ಬರ್ತಿದಾರೆ. ಬಾಯಿ ತೆಗೀರಿ ಅಂತ ಹೇಳೋ ಕೆಲಸವೇ ಇಲ್ಲ."

ಶೈಸ್ತಾ ಸಂಜೆಯವರೆಗೂ ಬಿಟ್ಟಳು.